ಭೀಮಾತೀರದ ಹಕ್ಕಿಗಳೂ ಋತುಮಾನವೂ

ಅಫಜಲಪುರ ತಾಲೂಕಿನ ಕರಜಗಿಯ ಸೀಮೆಯು ಭೀಮಾನದಿಯ ಎರೆನೆಲದ ನಾಡು. ಇಲ್ಲಿಯ ರೈತನಿಗೆ ಕಾಲವನ್ನರುಹುವ ಸಾಧನಗಳೆರಡು: ಮಳೆಯ ನಕ್ಷತ್ರ ಹಾಗೂ ಹಕ್ಕಿಯ ಬರವು. ಮೃಗಶಿರೆಯ ಮೋಡಗಳೊಡನೆ ಚಾತಕದ ಕೂಗು ಕೇಳಿಬರುವುದು. ಹಿಂಗಾರಿಯ ಬಿಳಿಜೋಳ ತೆನೆ ಹಿಡಿದಾಗ ಗುಲಾಬಿ ಕಬ್ಬಕ್ಕಿಗಳು ಮುಗಿಲು ಕವಿದಂತೆ ಎರಗುವವು. ರೈತನು ಅಟ್ಟವೇರಿ ಕವಣೆ ಬೀಸುವನು. ಆದರೆ ಮಧ್ಯ ಏಶಿಯಾದ ತಮ್ಮ ತವರಿನಲ್ಲಿ ಇವೇ ಹಕ್ಕಿಗಳು ಮಿಡತೆಯ ಹಿಂಡುಗಳನ್ನು ತಿಂದು ಬೆಳೆ ಕಾಯುವವು.

ಹಕ್ಕಿಗಳ ಅವಲೋಕನವು ಈ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಡೇಗೆಯ ಬೇಟೆಯನ್ನು ವಿಸ್ತರಿಸಿ ಹೇಳಿರುವನು. ಅಲ್ಲಿ ಹಕ್ಕಿಯು ಅರಸನ ವಿನೋದಕ್ಕೆ ಸಾಧನ. ಜ್ಞಾನದ ದೃಷ್ಟಿಯ ಎಣಿಕೆಯು ಬಹುಕಾಲದ ಮೇಲೆ ಬಂದಿತು. ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಾಗ, 1931ರಲ್ಲಿ ಸಲೀಂ ಅಲಿಯವರು ಹೈದರಾಬಾದ ಸಂಸ್ಥಾನದ ಪಕ್ಷಿಸಮೀಕ್ಷೆಯನ್ನಾರಂಭಿಸಿದರು. ಅದರ ಫಲವು 1933-34ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು.

ಅಂಥ ಬರಹದ ಬೆಲೆ ಈಗ ತಿಳಿಯುವುದು. ಎರೆನೆಲದಿಂದಲೇ ಹೆಸರು ಪಡೆದ ಎರೆಭೂತ ಪಕ್ಷಿಯು ಇಂದು ಭಾರತದಲ್ಲೆಲ್ಲ ಕೂಡಿ ಇನ್ನೂರಕ್ಕಿಂತ ಕಡಿಮೆಯಾಗಿ ಉಳಿದಿದೆ. ಭೀಮೆಗೆ ಅಣೆಕಟ್ಟುಗಳು ಬಂದವು. ಜೋಳದ ಹೊಲಗಳಲ್ಲಿ ಕಬ್ಬು ಎದ್ದಿತು. ಹೊಲ ಬದಲಾದರೆ ಹಕ್ಕಿಯ ದಾರಿಯೂ ಬದಲಾಗುವುದು. ಯಾವ ಹಕ್ಕಿ ಯಾವ ಮಳೆಗೆ ಬಂದಿತೆಂಬುದು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದರೆ ಅವರೊಡನೆಯೇ ಅಳಿದುಹೋಗುವುದು. ಮನೆಯ ಪಂಚಾಂಗದ ಅಂಚಿನಲ್ಲಿ ತಿಥಿಯೊಡನೆ ಬರೆದಿಟ್ಟರೆ ಮುಂದಿನವರಿಗೆ ಅದೇ ಇತಿಹಾಸವಾಗುವುದು.