ಗಾಳದ ದಾಖಲೆಯಲ್ಲಿ ಕಾಣೆಯಾದ ಮಹಶೀರ್

ಬೇಸಿಗೆಯಲ್ಲಿ ಬನ್ನೂರಿನ ಬಳಿ ಕಾವೇರಿಯನ್ನು ನೀವು ನೋಡಿರಬಹುದು. ಹರಿವು ಕುಗ್ಗಿ ಬಂಡೆಗಳು ಕಾಣಿಸುತ್ತವೆ. ಮೀನುಗಳು ಆಳವಾದ ಮಡುಗಳಿಗೆ ಸರಿಯುತ್ತವೆ. ಇದಕ್ಕೆ ಕಾರಣವೇನು? ಸಮುದ್ರಮಟ್ಟದ ವಾಯು ಒತ್ತಡದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಸುಮಾರು 11.3 ಮಿಲಿಗ್ರಾಂ ಆಕ್ಸಿಜನ್ನನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಇದು ಸುಮಾರು 7.6 ಮಿಲಿಗ್ರಾಂಗೆ ಇಳಿಯುತ್ತದೆ. ಮೀನು ಶೀತರಕ್ತ ಪ್ರಾಣಿಯಾದ್ದರಿಂದ ನೀರು ಬಿಸಿಯಾದಂತೆ ಅದಕ್ಕೆ ಬೇಕಾಗುವ ಆಕ್ಸಿಜನ್ ಮಾತ್ರ ಹೆಚ್ಚುತ್ತದೆ.

ತಣ್ಣೀರಿನ ಟ್ರೌಟ್ ಮೀನಿಗೆ ಈ ಇಕ್ಕಟ್ಟು ಬೇಗ ಬರುತ್ತದೆ. ಗರಿ ಮತ್ತು ನೂಲಿನಿಂದ ಹುಳುವಿನಂತೆ ಕಟ್ಟಿದ ಗಾಳದಿಂದ ಅದನ್ನು ಹಿಡಿಯುವುದು ಯುರೋಪಿನ ಹಳೆಯ ಹವ್ಯಾಸ. ನೀರು ಸುಮಾರು 20 ಡಿಗ್ರಿ ದಾಟಿದರೆ ಗಾಳ ಹಾಕಬಾರದೆಂಬುದು ಇಂದು ಅವರಲ್ಲಿ ಅನೇಕರು ಪಾಲಿಸುವ ಶಿಸ್ತು. ಬಳಲಿದ ಮೀನನ್ನು ಹಿಡಿದು ಬಿಟ್ಟರೂ ಅದು ಸಾಯಬಹುದು. ಬ್ರಿಟಿಷರು ಟ್ರೌಟನ್ನು ದಕ್ಷಿಣ ಭಾರತಕ್ಕೆ ತರಲು ಬಯಸಿದಾಗ ಆರಿಸಿಕೊಂಡದ್ದು ನೀಲಗಿರಿಯ ಎತ್ತರದ ತೊರೆಗಳನ್ನು. 1863ರಲ್ಲಿ ಫ್ರಾನ್ಸಿಸ್ ಡೇ ಮಾಡಿದ ಯತ್ನ ವಿಫಲವಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಮಳೆಬಿಲ್ಲು ಟ್ರೌಟನ್ನು ಅಲ್ಲಿ ನೆಲೆಗೊಳಿಸಿದರು.

ನಮ್ಮ ಬಯಲಿನ ಕಾವೇರಿಗೆ ಟ್ರೌಟ್ ಬರಲಿಲ್ಲ. ಇಲ್ಲಿನ ಬಿಸುಪಿಗೆ ಹೊಂದಿಕೊಂಡ ಬೇರೊಂದು ದೊಡ್ಡ ಮೀನು ಇಲ್ಲೇ ಇತ್ತು. ಅದೇ ಮಹಶೀರ್, ಕನ್ನಡದಲ್ಲಿ ಬಿಳಿಮೀನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕದಿಂದ ಗಾಳಗಾರರಲ್ಲಿ ಇದರ ಹೆಸರು ಹರಡಿತು. ನಂಜನಗೂಡಿನ ಮೂಲಕ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಕಬಿನಿಯಲ್ಲಿ, 1946ರಲ್ಲಿ, ಮೈಸೂರಿನ ಡಿ ವೆಟ್ ವಾನ್ ಇಂಗೆನ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಹಿಡಿದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಯುವಕರು ಕಾವೇರಿಯಲ್ಲಿ ದೈತ್ಯ ಮೀನುಗಳು ಇನ್ನೂ ಇವೆಯೆಂದು ತೋರಿಸಿದ ಮೇಲೆ, ಕೆಳಗಿನ ಕಾಡಿನ ಹರವಿನಲ್ಲಿ ಗಾಳದ ಶಿಬಿರಗಳು ಬೆಳೆದವು. ಅಲ್ಲಿ ಗಾಳಕ್ಕೆ ಸಿಕ್ಕಿಸುತ್ತಿದ್ದುದು ಗರಿಯ ಹುಳುವನ್ನಲ್ಲ, ನಮ್ಮ ರಾಗಿ ಹಿಟ್ಟಿನ ಉಂಡೆಯನ್ನು! ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ನೀರಿಗೆ ಬಿಡುತ್ತಿದ್ದರು.

ಈ ಬರಹವೇ ಮುಂದೆ ವಿಜ್ಞಾನಿಗಳಿಗೆ ಸಾಕ್ಷಿಯಾಯಿತು. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸಂರಕ್ಷಣೆಯ ಉದ್ದೇಶದಿಂದಲೇ ದೇಶದ ಹಲವು ನದಿಗಳಿಗೆ ಬಿಡಲಾಗಿತ್ತು. ಕಾವೇರಿಯೂ ಅವುಗಳಲ್ಲಿ ಒಂದು. ಇದು ಟಾರ್ ಖುದ್ರೀ. ಸೈಕ್ಸ್ 1839ರಲ್ಲಿ ಪುಣೆಯ ಬಳಿಯ ನದಿಯಿಂದ ವರ್ಣಿಸಿದ ಪ್ರಭೇದ. ಕಾವೇರಿಯ ದೈತ್ಯ ಬೇರೆ. ಅದಕ್ಕೆ ಬೆನ್ನು ಗೂನು, ರೆಕ್ಕೆ ಕಿತ್ತಳೆ. ಗಲಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮಹಶೀರ್ ಸಂಖ್ಯೆ ಏರುತ್ತಿತ್ತು. ಆದರೆ ಏರಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಗಿ, ಸಿಕ್ಕವೂ ದೊಡ್ಡವೇ ಆಗಿದ್ದವು, ಮರಿಗಳು ಕಾಣುತ್ತಿರಲಿಲ್ಲ. ಎರಡನ್ನೂ ‘ಮಹಶೀರ್’ ಎಂದು ಕೂಡಿಸಿದ್ದರೆ ನಷ್ಟ ಲಾಭದಂತೆ ಕಾಣುತ್ತಿತ್ತು.

ಅಚ್ಚರಿಯೆಂದರೆ, ಇಷ್ಟು ಪ್ರಸಿದ್ಧ ಮೀನಿನ ವೈಜ್ಞಾನಿಕ ಹೆಸರು ಆಗಲೂ ನಿಶ್ಚಯವಾಗಿರಲಿಲ್ಲ. ನೀಲಗಿರಿಯಿಂದ ಇಳಿದು ಕಾವೇರಿ ಕೊಳ್ಳವನ್ನು ಸೇರುವ ಮೋಯಾರ್ ನದಿಯ ಮೀನುಗಳನ್ನು ಪರೀಕ್ಷಿಸಿ, ಅದು ಕೇರಳದ ಪಾಂಬಾರ್‌ನಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಎಂದು 2018ರಲ್ಲಿ ತೋರಿಸಲಾಯಿತು. ಅದೇ ವರ್ಷ ಅದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದವಾಗಿ ಐ.ಯು.ಸಿ.ಎನ್. ಕೆಂಪುಪಟ್ಟಿಗೆ ಸೇರಿತು. ಹೆಸರಿಲ್ಲದ ಜೀವಿಯನ್ನು ಪಟ್ಟಿಗೆ ಸೇರಿಸುವುದಾದರೂ ಹೇಗೆ? ಇತ್ತ ಕಟ್ಟೆಗಳು, ಮರಳುಗಾರಿಕೆ, ಬೇಸಿಗೆಯ ಮಡುಗಳಿಗೆ ಎಸೆಯುವ ಸಿಡಿಮದ್ದು ಅದರ ನೆಲೆಯನ್ನು ಕುಗ್ಗಿಸುತ್ತಲೇ ಇದ್ದವು.

ಶಿಕ್ಷಕರೇ, ಇದನ್ನೊಂದು ತರಗತಿಯ ಪಾಠವಾಗಿಸಬಹುದು. ಏಪ್ರಿಲ್‌ನಲ್ಲಿ ಹತ್ತಿರದ ಹೊಳೆಯ ದಡದಿಂದಲೇ ಬೆಳಗ್ಗೆ ಮತ್ತು ಮಧ್ಯಾಹ್ನ ನೀರಿನ ಉಷ್ಣತೆ ಅಳೆಯಿರಿ. ಬಲೆ ಹಾಕುವವರನ್ನು ಕೇಳಿ ಸಿಕ್ಕ ಮೀನಿನ ಸ್ಥಳೀಯ ಹೆಸರು, ಉದ್ದ, ರೆಕ್ಕೆಯ ಬಣ್ಣ, ದಿನಾಂಕ ಬರೆದಿಡಿ. ‘ಎಷ್ಟು ಮೀನು?’ ಎನ್ನುವುದರ ಜೊತೆಗೆ ‘ಯಾವ ಮೀನು?’ ಎಂದೂ ಕೇಳಿರಿ. ಗೂನುಬೆನ್ನಿನ ಮಹಶೀರ್ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಬಹಳ ತಡವಾಗಿ ಕೇಳಲಾಯಿತು.