ಲಾಗಿನ್: ಮರದ ತುಂಡಿನಿಂದ ಕಂಪ್ಯೂಟರಿನವರೆಗೆ

ಹಂದನಕೆರೆಯ ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಬಿ.ಇ.ಗೆ ಸೇರಿದ ಮೊದಲ ವಾರ. ಲ್ಯಾಬಿನ ಕಂಪ್ಯೂಟರ್ ಪರದೆಯ ಮೇಲೆ 'ಲಾಗಿನ್' ಎಂದಿತ್ತು. ರೂಮಿಗೆ ಬಂದು ನಿಘಂಟು ತೆಗೆದರೆ, 'ಲಾಗ್' ಎಂದರೆ ಮರದ ದಿಮ್ಮಿ! ದಿಮ್ಮಿಯೊಳಗೆ ಹೋಗುವುದು ಹೇಗೆ? ಕೇಳಿದರೆ ನಗುತ್ತಾರೆಂದು ಸುಮ್ಮನಾದೆ. ಕೆಲಸಕ್ಕೆ ಸೇರಿ ಎಷ್ಟೋ ದಿನಗಳಾದ ಮೇಲೆ ಉತ್ತರ ಸಿಕ್ಕಿತು. ಅದು ಕಡಲಿನ ಕಥೆ.

ಹಾಯಿಹಡಗಿನ ಕಾಲದಲ್ಲಿ ನಡುಗಡಲಲ್ಲಿ ವೇಗ ತಿಳಿಯಲು ಮೈಲಿಗಲ್ಲು ಇರಲಿಲ್ಲ. ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ಆ ತುಂಡೇ 'ಲಾಗ್'. ಇಂಗ್ಲೆಂಡಿನ ವಿಲಿಯಂ ಬೌರ್ನ್ 1574ರಲ್ಲೇ ಈ ವಿಧಾನವನ್ನು ಪುಸ್ತಕದಲ್ಲಿ ವಿವರಿಸಿದ್ದಾನೆ. ತುಂಡು ನೀರಿನಲ್ಲಿ ಇದ್ದಲ್ಲೇ ಉಳಿಯುತ್ತಿತ್ತು. ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಮುಂದೆ ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕುವುದು ರೂಢಿಯಾಯಿತು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿದವೋ ಅಷ್ಟು ವೇಗ. ಗಂಟಿಗೆ ಇಂಗ್ಲಿಷಿನಲ್ಲಿ 'ನಾಟ್'. ಹಡಗಿನ ವೇಗವನ್ನು ಇಂದಿಗೂ ನಾಟ್‌ಗಳಲ್ಲೇ ಹೇಳುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.

ಈ ಲೆಕ್ಕ ಬರೆದಿಡುವ ಪುಸ್ತಕ 'ಲಾಗ್ ಬುಕ್' ಆಯಿತು. ಗಾಳಿ, ದಿಕ್ಕು, ದಿನದ ಘಟನೆಗಳೂ ಅದರಲ್ಲಿ ಸೇರಿದವು. ಮರದ ಹೆಸರು ದಾಖಲೆಯ ಹೆಸರಾಯಿತು. ಸರ್ಕಾರಿ ಜೀಪಿನಲ್ಲೂ ಲಾಗ್ ಬುಕ್ ಇರುವುದನ್ನು ನಾವು ನೋಡಿದ್ದೇವೆ. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ, ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ಮೊದಲು ತೋರಿಸಲಾಯಿತು. ಅಲ್ಲಿ ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕ ಬೇಕಿತ್ತು. ಆ ವ್ಯವಸ್ಥೆಯಲ್ಲಿ ಬಳಸುವವರು 'ಲಾಗಿನ್' ಎಂದು ಟೈಪ್ ಮಾಡಿಯೇ ಕೆಲಸ ಆರಂಭಿಸಬೇಕಿತ್ತು. ಅಂದರೆ, ದಾಖಲೆಯಲ್ಲಿ ತಮ್ಮ ಹೆಸರು ಸೇರಿಸುವುದು.

ಇದನ್ನು ಓದಿದಾಗ ನನಗೆ ತಾತ ನೆನಪಾದರು. ತೆಂಗಿನಕಾಯಿ ಎಣಿಸುವಾಗ ಅವರು ನೂರಾದಾಗಲೆಲ್ಲ ಒಂದು ಕಾಯಿ ಪಕ್ಕಕ್ಕಿಡುತ್ತಿದ್ದರು. ಕೊನೆಗೆ ಆ ಕಾಯಿಗಳನ್ನು ಎಣಿಸಿದರೆ ಎಷ್ಟು ನೂರು ಎಂಬುದು ಗೊತ್ತಾಗುತ್ತಿತ್ತು. ನಾವಿಕರ ಗಂಟು, ತಾತನ ಕಾಯಿ ಎರಡೂ ಒಂದೇ ಬುದ್ಧಿಯವು. ನಾನು ಹೆದರಿದ್ದ ಪದ ಹುಟ್ಟಿದ್ದು ದೊಡ್ಡ ವಿದ್ವಾಂಸರಿಂದಲ್ಲ, ಕೈಯಲ್ಲಿ ಹಗ್ಗ ಹಿಡಿದು ದುಡಿಯುವವರಿಂದ.

ಇಂದು ಪಹಣಿಗೆ ಹೋದ ನಮ್ಮೂರಿನ ರೈತರೂ "ಲಾಗಿನ್ ಆಗ್ತಾ ಇಲ್ವಂತೆ, ನಾಳೆ ಬಾ ಅಂದ್ರು" ಎನ್ನುತ್ತಾರೆ. ಪದ ನಮ್ಮದೂ ಆಗಿದೆ. ಈ ಶಾಲೆಯ ತಮ್ಮ ತಂಗಿಯರಲ್ಲಿ ನನ್ನ ಮಾತು ಇಷ್ಟೇ: ಅರ್ಥವಾಗದ ಪದ ಕಂಡರೆ ನಾಚದೆ ಕೇಳಿ. ನಾನು ಕೇಳದೆ ಹಲವು ವರ್ಷ ಕಳೆದೆ.