ಶಾರ್ಕ್: ಎಲುಬಿಲ್ಲದ ಬೇಟೆಗಾರನ ಬೆರಗಿನ ಬದುಕು

ಶಾರ್ಕ್ ಎಂದೊಡನೆ ಬಾಯ್ತೆರೆದು ಮೇಲೆರಗುವ ರಕ್ಕಸ ಮೀನಿನ ಚಿತ್ರ ಕಣ್ಣೆದುರು ನಿಲ್ಲುತ್ತದೆ. 1975ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರ 'ಜಾಸ್' ಈ ಭಯವನ್ನು ಜಗತ್ತಿಗೆಲ್ಲ ಹರಡಿತು. ಆದರೆ 500ಕ್ಕೂ ಹೆಚ್ಚು ಪ್ರಭೇದಗಳ ಪೈಕಿ ಮನುಷ್ಯನಿಗೆ ಅಪಾಯಕಾರಿಯಾದವು ಬೆರಳೆಣಿಕೆಯಷ್ಟು ಮಾತ್ರ. ನಮ್ಮ ಕರಾವಳಿಯಲ್ಲಿ 'ತಾಟೆ' ಎಂದು ಪರಿಚಿತವಾದ ಈ ಮೀನಿನ ವಂಶ ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯದು, ಡೈನೋಸಾರ್‌ಗಳಿಗಿಂತಲೂ ಪುರಾತನ.

ದೇಹರಚನೆ

ಶಾರ್ಕ್‌ನ ದೇಹದಲ್ಲಿ ಒಂದು ಎಲುಬೂ ಇಲ್ಲ. ನಮ್ಮ ಕಿವಿ ಹಾಗೂ ಮೂಗಿನ ತುದಿಯಲ್ಲಿರುವಂತಹ ಮೃದ್ವಸ್ಥಿಯೇ ಅದರ ಅಸ್ಥಿಪಂಜರ. ಬಹುತೇಕ ಮೀನುಗಳಿಗಿರುವ ಗಾಳಿಚೀಲವೂ ಇದಕ್ಕಿಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ದೇಹವನ್ನು ಹಗುರಗೊಳಿಸುತ್ತದೆ. ಹಲ್ಲುಗಳು ಸಾಲುಸಾಲಾಗಿದ್ದು, ಮುಂದಿನದು ಉದುರಿದರೆ ಹಿಂದಿನದು ಆ ಸ್ಥಾನಕ್ಕೆ ಸರಿಯುತ್ತದೆ. ಹೀಗೆ ಜೀವಮಾನದಲ್ಲಿ ಸಾವಿರಾರು ಹಲ್ಲುಗಳು ಬದಲಾಗುತ್ತವೆ.

ಶಾರ್ಕ್‌ಗಳಲ್ಲಿ ಅತಿ ದೊಡ್ಡದಾದ ತಿಮಿಂಗಿಲ ಶಾರ್ಕ್ 18 ಮೀಟರ್‌ವರೆಗೂ ಬೆಳೆಯಬಲ್ಲದು. ಆದರೆ ಅದರ ಆಹಾರ ಪ್ಲವಕ ಜೀವಿಗಳು ಹಾಗೂ ಸಣ್ಣ ಮೀನುಗಳು. ಕುಬ್ಜ ಲ್ಯಾಂಟರ್ನ್ ಶಾರ್ಕ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು; ಉದ್ದ ಸುಮಾರು 20 ಸೆಂಟಿಮೀಟರ್.

ವಿದ್ಯುತ್ತನ್ನು ಗ್ರಹಿಸುವ ಮೂತಿ

ಶಾರ್ಕ್‌ನ ಮೂತಿಯ ಮೇಲೆ ಲೋಳೆ ತುಂಬಿದ ಸೂಕ್ಷ್ಮ ರಂಧ್ರಗಳಿವೆ. ಇವುಗಳನ್ನು ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ವರ್ಣಿಸಿದ್ದನಾದರೂ, ನಿಜವಾದ ಉಪಯೋಗ ತಿಳಿದದ್ದು 20ನೇ ಶತಮಾನದಲ್ಲಿ. ಜೀವಿಗಳ ದೇಹದಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಇವು ಗ್ರಹಿಸುತ್ತವೆ. ಮರಳಿನಡಿ ಅವಿತ ಮೀನು ಕಣ್ಣಿಗೆ ಬೀಳದಿದ್ದರೂ ಶಾರ್ಕ್‌ಗೆ ಸಿಕ್ಕಿಬೀಳುವುದು ಹೀಗೆ.

ಈಜುವುದನ್ನು ನಿಲ್ಲಿಸಿದರೆ ಶಾರ್ಕ್ ಸಾಯುತ್ತದೆ ಎಂಬ ಮಾತು ಕೆಲವು ಪ್ರಭೇದಗಳಿಗಷ್ಟೇ ಅನ್ವಯ. ನರ್ಸ್ ಶಾರ್ಕ್ ಕಡಲ ತಳದಲ್ಲಿ ಮಲಗಿಯೇ ಉಸಿರಾಡುತ್ತದೆ.

ಸಂತಾನ

ಕೆಲವು ಶಾರ್ಕ್‌ಗಳು ಮೊಟ್ಟೆಯಿಟ್ಟರೆ, ಹೆಚ್ಚಿನವು ಮರಿ ಹಾಕುತ್ತವೆ. ಸ್ಯಾಂಡ್ ಟೈಗರ್ ಶಾರ್ಕ್‌ನ ಗರ್ಭದಲ್ಲಿ ಬಲಿಷ್ಠ ಭ್ರೂಣವು ಒಡಹುಟ್ಟುಗಳನ್ನೇ ತಿಂದು ಬೆಳೆಯುತ್ತದೆ. ಎರಡು ಗರ್ಭಕೋಶಗಳಿಂದ ತಲಾ ಒಂದರಂತೆ ಎರಡೇ ಮರಿಗಳು ಹೊರಬರುತ್ತವೆ. ಅಮೆರಿಕದ ಒಮಾಹಾ ಮೃಗಾಲಯದಲ್ಲಿ 2001ರಲ್ಲಿ ಬಾನೆಟ್‌ಹೆಡ್ ಶಾರ್ಕ್ ಒಂದು ಗಂಡಿನ ಸಂಪರ್ಕವಿಲ್ಲದೆಯೇ ಮರಿ ಹಾಕಿತ್ತು. ಗ್ರೀನ್‌ಲ್ಯಾಂಡ್ ಶಾರ್ಕ್ ಪ್ರೌಢಾವಸ್ಥೆಗೆ ಬರುವುದೇ ಸುಮಾರು 150ನೇ ವಯಸ್ಸಿಗೆ ಎಂದು 2016ರ ಅಧ್ಯಯನವೊಂದು ಅಂದಾಜಿಸಿದೆ.

ಅಪಾಯ ಯಾರಿಂದ?

ತಡವಾಗಿ ಪ್ರೌಢವಾಗುವ, ಕೆಲವೇ ಮರಿಗಳನ್ನು ಹಾಕುವ ಈ ಸ್ವಭಾವವೇ ಇಂದು ಶಾರ್ಕ್‌ಗೆ ಮುಳುವಾಗಿದೆ. ಹಿಡಿದಷ್ಟು ವೇಗದಲ್ಲಿ ಅವು ಮತ್ತೆ ಹುಟ್ಟಲಾರವು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇ. 71ರಷ್ಟು ಕುಸಿದಿದೆ ಎಂದು 2021ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿದ ಅಧ್ಯಯನ ತಿಳಿಸಿತು. ಅತಿಯಾದ ಮೀನುಗಾರಿಕೆಯೇ ಇದಕ್ಕೆ ಮುಖ್ಯ ಕಾರಣ. ಇನ್ನೊಂದೆಡೆ, 2023ರಲ್ಲಿ ಇಡೀ ಜಗತ್ತಿನಲ್ಲಿ ಪ್ರಚೋದನೆಯಿಲ್ಲದೆ ಶಾರ್ಕ್ ಕಚ್ಚಿದ ಪ್ರಕರಣಗಳು 69 ಮಾತ್ರ.

ಭಾರತವು 2001ರಲ್ಲಿ ತಿಮಿಂಗಿಲ ಶಾರ್ಕ್‌ಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ನೀಡಿತು. 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಿತು. ಡೈನೋಸಾರ್‌ಗಳನ್ನು ಅಳಿಸಿಹಾಕಿದ ಮಹಾವಿನಾಶವನ್ನೂ ದಾಟಿ ಬಂದ ಈ ಜೀವಿಗೆ ಈಗ ಮನುಷ್ಯನ ಬಲೆಯನ್ನು ದಾಟುವುದೇ ಕಠಿಣವಾಗಿದೆ.